ಸಂಜೆಯಿಲ್ಲದ ಏಳು ದಿನಗಳ ಪಟ್ಟಿ

ಜನರನ್ನು ಊರಿಂದೂರಿಗೆ ಕಳಿಸುವುದೇ ನನ್ನ ಕಸುಬಾಗಿತ್ತು. ಕಾಶಿಗೆ ಕಳಿಸಿದ್ದೇನೆ, ರಾಮೇಶ್ವರಕ್ಕೆ ಕಳಿಸಿದ್ದೇನೆ, ಆಫೀಸಿನ ಮೆಟ್ಟಿಲ ಮೇಲೆಯೇ ಜಗಳ ತೆಗೆದ ಹೊಸ ಗಂಡಹೆಂಡಿರನ್ನು ಸಮಾಧಾನ ಮಾಡಿ ಮಹಾಬಳೇಶ್ವರಕ್ಕೆ ಕಳಿಸಿದ್ದೇನೆ. ನಾನು ಮಾತ್ರ ಸೋಲಾಪುರ ದಾಟಿದವನಲ್ಲ. ಬಸ್ಸು ಹತ್ತಿದರೆ ಹೊಟ್ಟೆ ತೊಳಸುತ್ತದೆ. ಹೀಗೆ ಕುಂತಲ್ಲೇ ಕುಂತು ಲೋಕಕ್ಕೆಲ್ಲ ದಾರಿ ಹೇಳಿ, ಕೊನೆಗೆ ಕಲಬುರ್ಗಿಯ ಆಫೀಸಿನಿಂದ ಒಂದು ಹಾರ, ಒಂದು ಗಡಿಯಾರ ಇಸಿದುಕೊಂಡು ಮನೆಗೆ ಬಂದೆ. ಗಡಿಯಾರ ನನ್ನ ಹಾಗೆಯೇ, ಇಟ್ಟಲ್ಲಿಂದ ಮುಂದಕ್ಕೆ ಹೋಗುವುದಿಲ್ಲ.

ಆಫೀಸಿಗೆ ಹೊಸದಾಗಿ ಸೇರಿದ ಹುಡುಗರು ಆಗಾಗ ಬಂದು ಕೂರುತ್ತಾರೆ. ಅವರಿಗೆ ಬೇಕಾದದ್ದು ನನ್ನ ಅನುಭವವಲ್ಲ, ನನ್ನ ಅಣಕು. ಹಳೆಯ ಸಾಹೇಬರ ಧ್ವನಿಗಳನ್ನು ಒಂದೊಂದಾಗಿ ತೆಗೆದು ತೋರಿಸಿದರೆ ನಕ್ಕು, ಚಹಾ ಕುಡಿದು, ಎದ್ದು ಹೋಗುತ್ತಾರೆ. ಮೊನ್ನೆ ಒಬ್ಬ ಬಾಗಿಲಲ್ಲಿ ನಿಂತು, "ಕಾಕಾ, ನೀವು ಮೊಟ್ಟಮೊದಲ ಹಾಕಿದ ಪ್ರವಾಸ ಯಾವುದ್ರಿ?" ಎಂದು ಕೇಳಿದ. ನಗಿಸೋಣವೆಂದು ಬಾಯಿ ತೆರೆದೆ. ಏನೂ ಬರಲಿಲ್ಲ. ಬಾಯಲ್ಲಿ ಬಾರದ್ದನ್ನು ಬರೆದಾದರೂ ಕೊಡೋಣ ಎಂದು ಈ ಕಾಗದ ಹಿಡಿದಿದ್ದೇನೆ.

ಕೆಲಸ ಕಲಿತದ್ದು ಆಳಂದದಲ್ಲಿ, ನಿಜಾಮರ ಕಾಲದಲ್ಲಿ. ತಹಸೀಲದಾರರು ಹಳ್ಳಿ ಹಳ್ಳಿ ತಿರುಗುವ ದೌರೆಗೆ ಹೊರಟರೆ ಅದರ ಪಟ್ಟಿ ಬರೆಯುವುದು ಕಚೇರಿಯ ಹಿರಿಯ ಗುಮಾಸ್ತರಾದ ಪೇಶಕಾರರ ಕೆಲಸ. ಪೇಶಕಾರರ ಕೆಲಸ ಮಾಡುವುದು ನನ್ನ ಕೆಲಸ. ಯಾವ ದಿನ, ಎಲ್ಲಿಂದ ಹೊರಡುವುದು, ಗಾಡಿ ಎಷ್ಟು, ಹಾಲು ಯಾರ ಮನೆಯದು, ಹೀಗೆ ಸಾಲಾಗಿ ಖಾನೆ ಎಳೆಯಬೇಕು. ಕಟ್ಟಕಡೆಯ ಖಾನೆ ಮುಕ್ಕಾಮಿನದು. ಹೊತ್ತು ಮುಳುಗುವಾಗ ಡೇರೆ ಎಲ್ಲಿ ಬಿದ್ದಿರುತ್ತದೋ ಆ ಊರಿನ ಹೆಸರು ಅಲ್ಲಿ ಬೀಳಬೇಕು.

"ಹಾಲಿನ ಖಾನೆ ಖಾಲಿ ಬಿಡು, ನಡೀತದ. ಗಾಡೀದು ಬಿಡು, ನಡೀತದ. ಮುಕ್ಕಾಮಿಂದು ಬಿಡಬ್ಯಾಡ ಲೇ ಗುರ್ಯಾ," ಎನ್ನುತ್ತಿದ್ದರು ಪೇಶಕಾರರು. "ಹೊತ್ತ ಮುಣಗೂವಾಗ ಮನಷ್ಯಾ ಎಲ್ಲಿ ಅದಾನ ಅಂತ ಕಾಗದದ ಮ್ಯಾಲ ಇರಲಿಲ್ಲಾಂದ್ರ, ಅವ ಎಲ್ಲಿನೂ ಇಲ್ಲ."

ಅವರ ಹಿಂದೆ ನಿಂತು ಇದೇ ಮಾತನ್ನು ಅವರದೇ ಗೊಗ್ಗರು ಧ್ವನಿಯಲ್ಲಿ ಹೇಳಿ ಜವಾನರನ್ನು ನಗಿಸುತ್ತಿದ್ದೆ. ಆಗ ನನಗೆ ಇಪ್ಪತ್ತೆರಡು. ಹುಟ್ಟಿದ ಅತನೂರಿನಲ್ಲಿ ಕೋಳಿಯಿಂದ ಹಿಡಿದು ಸ್ವಾಮಿಗಳವರೆಗೆ ಯಾರನ್ನೂ ಬಿಟ್ಟವನಲ್ಲ. ಆಳಂದದಲ್ಲಿ ಇದೇ ವಿದ್ಯೆ ನನ್ನ ಅನ್ನ ಕಿತ್ತುಕೊಂಡಿತು. ಒಂದು ಬೆಳಿಗ್ಗೆ ತಹಸೀಲದಾರರು ಡೇರೆಯೊಳಗೆ ಕಾಲಿನ ಚಡಾವು ಹುಡುಕುತ್ತಿದ್ದಾಗ ನಾನು ಪರದೆಯ ಮರೆಯಲ್ಲಿ ನಿಂತು ಅವರ ಧ್ವನಿಯಲ್ಲಿ, "ಗಾಡಿ ಹೂಡ್ರಿ, ನಡೀರಿ!" ಎಂದೆ. ಇಬ್ಬರು ನಗುತ್ತಾರೆ ಎಂದುಕೊಂಡಿದ್ದೆ. ಆರು ಗಾಡಿ ಹೊರಟೇ ಹೋದವು. ತಹಸೀಲದಾರರು ಒಂದೇ ಚಡಾವಿನಲ್ಲಿ ಹೊರಗೆ ಬರುವಾಗ ಬಯಲಿನಲ್ಲಿ ಧೂಳು ಮತ್ತು ನಾನು, ಇಬ್ಬರೇ ಇದ್ದೆವು. ಸಂಜೆಗೆ ಪಟ್ಟಿಯಲ್ಲಿ ನನಗೊಂದು ಮುಕ್ಕಾಮು ಬರೆಯಲಾಯಿತು: ಮನೆ.

ಆ ದಿನಗಳಲ್ಲೇ, ಅಫಜಲಪುರ ತಾಲೂಕಿನ ಕರಜಗಿಯ ಆಚೆ, ಭೀಮಾ ದಂಡೆಯ ಮೇಲಿನ ಗೌಡರ ಒಂದು ದೊಡ್ಡ ವಾಡೆಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುವ, ದೌರೆಯ ಪಟ್ಟಿ ಬಲ್ಲ ಗುಮಾಸ್ತ ಬೇಕಾಗಿದ್ದ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಇನ್ನೂ ಒಂದು ವರ್ಷವಿತ್ತು. ವಾಡೆಯ ದಿವಾನಜಿ ರಾಘಪ್ಪನವರು ನನ್ನನ್ನು ಒಳಗೆ ಕರೆದೊಯ್ದರು. ಇವರು ಮಾತಿನ ನಡುವೆ ನಶ್ಯ ಏರಿಸಿ, ಸೀನು ಬರುತ್ತದೆಂದು ಬಾಯಿ ತೆರೆದು ಕಾದು, ಬಾರದಿದ್ದರೆ ನಿರಾಶೆಯಿಂದ ಮಾತು ಮುಂದುವರಿಸುವವರು. ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ನಾನು ಅವರನ್ನು ಪೂರ್ತಿ ಕಲಿತಿದ್ದೆ.

ಪಡಸಾಲೆಯಲ್ಲಿ ಗೌಡಸಾನಿ ಅವ್ವಾರು ಕೂತಿದ್ದರು. ವಾಡೆಯ ಯಜಮಾನಿ. ಗಂಡ ಹೋಗಿ ಬಹಳ ವರ್ಷ, ಒಬ್ಬನೇ ಮಗ ಹೋಗಿ ಮೂರು ವರ್ಷ. ಮುಂದೆ ಒಂದು ತಾಟಿನಲ್ಲಿ ಚಿತ್ರದ ಕಾರ್ಡುಗಳು. ಒಂದೊಂದನ್ನೇ ಸೆರಗಿನಿಂದ ಒರೆಸಿ ಇಡುತ್ತಿದ್ದರು.

"ಎಲ್ಲಾರ ನಕಲಿ ಮಾಡ್ತೀ ಅಂತಲ್ಲ ತಮ್ಮಾ. ನಂದ ಮಾಡು, ನೋಡೋಣು."

"ನೀವು ಇನ್ನೂ ಒಂದs ಮಾತ ಆಡೀರಿ, ಅವ್ವಾರ. ಸ್ವಲ್ಪ ಬಂಡವಾಳ ಹಾಕ್ರಿ, ಆಮ್ಯಾಲ ಮಾಡ್ತೇನಿ."

ದಿವಾನಜಿಗೆ ಆಗ ಸೀನು ಬಂತು. ಅವ್ವಾರು ನಗಲಿಲ್ಲ, ಆದರೆ ಕೂರಲು ಹೇಳಿದರು. ಎರಡು ಕಾರ್ಡು ನನ್ನ ಮುಂದೆ ಸರಿಸಿದರು. ಒಂದರಲ್ಲಿ ಕಪ್ಪು ಬೆಟ್ಟಗಳ ಸಂದಿಯೊಳಗೆ ಸಮುದ್ರ ಮೈಲುಗಟ್ಟಲೆ ನುಗ್ಗಿ ಬಂದು ಅಲುಗಾಡದೆ ನಿಂತಿತ್ತು. ಅದಕ್ಕೆ ಫಿಯೋರ್ಡ್ ಎನ್ನುತ್ತಾರೆಂದು ಕೆಳಗೆ ಬರೆದಿತ್ತು. ಇನ್ನೊಂದರಲ್ಲಿ ಬೋಳು ನಡುಗಡ್ಡೆಗಳು, ಅವುಗಳ ಹಿಂದೆ ನೀರನ್ನು ಮುಟ್ಟಿಯೂ ಮುಟ್ಟದ ಸೂರ್ಯ. ದೇಶದ ಹೆಸರು ನಾರ್ವೆ. ವಿಲಾಯತಿಯಲ್ಲಿ ಓದುತ್ತಿದ್ದಾಗ ಮಗ ಶಂಕರಗೌಡ ಒಂದು ವಾರ ಅಲ್ಲಿಗೆ ಹೋಗಿಬಂದು ಕಳಿಸಿದ ಕಾರ್ಡುಗಳು ಅವು. ಸೂರ್ಯನ ಕಾರ್ಡಿನ ಹಿಂದೆ ಅವನ ಅಕ್ಷರ: 'ಅವ್ವಾ, ಇದು ರಾತ್ರಿ ಹನ್ನೆರಡಕ್ಕ ತಗದ ಚಿತ್ರ. ಇಲ್ಲಿ ಹೊತ್ತು ಮುಣಗೂದಿಲ್ಲ. ನಿನ್ನ ಕರಕೊಂಡು ಬರ್ತೇನಿ.'

"ನಾ ಅಲ್ಲಿ ಏಳ ದಿನ ಇದ್ದು ಬರಬೇಕು," ಎಂದರು ಅವ್ವಾರು. "ಪಟ್ಟಿ ಹಾಕು. ಒಂದs ಶರತ್ತು. ಏಳೂ ದಿನ ಸಂಜಿ ಆಗಬಾರದು."

"ಹೋಗೂ ಹಾದಿಯೊಳಗ ಆಗ್ತಾವಲ್ರಿ, ಅವ್ವಾರ. ಹಡಗಿನ್ಯಾಗ ವಾರಗಟ್ಟಲೆ ಹೋಗಬೇಕು."

"ಆಗಲಿ. ಅವನ್ನ ತಡಕೊಂತೇನಿ. ಸೋಲಾಪುರದಾಗ ತಮ್ಮನ ಮನಿಗೆ ಹೋದಾಗ ಅಲ್ಲಿನೂ ತಡಕೊಂಡೇನಿ. ನನಗ ಏಳ ದಿನ ಬಿಡುವು ಸಿಕ್ಕರ ಸಾಕು."

ಏನನ್ನು ತಡೆದುಕೊಳ್ಳುತ್ತಾರೆ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಕೇಳುವ ಅಗತ್ಯವೂ ಬೀಳಲಿಲ್ಲ. ಅದೇ ದಿನ ಹಿತ್ತಲಲ್ಲಿ ಹುಣಸೆಹಣ್ಣು ಹಚ್ಚಿ ಹಿತ್ತಾಳೆಯ ದೀಪದ ಕಂಬ ತಿಕ್ಕುತ್ತಿದ್ದ ತಂಗೆವ್ವ, ಆ ವಾಡೆಯಲ್ಲೇ ಮುದುಕಿಯಾದ ಕೆಲಸದಾಕೆ, ತಾನಾಗಿಯೇ ಹೇಳಿದಳು.

ನಮ್ಮ ಕಡೆಯ ಮನೆಗಳಲ್ಲಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಹಿತ್ತಲ ಬಾಗಿಲು ಹಾಕಿ ಮುಂಬಾಗಿಲು ತೆರೆದಿಡುತ್ತಾರೆ. ಲಕ್ಷ್ಮಿ ಮುಂದಿನಿಂದ ಒಳಗೆ ಬರಬೇಕು, ಹಿಂದಿನಿಂದ ಹೊರಗೆ ಹೋಗಬಾರದು. ಆ ವಾಡೆಯ ಹಿತ್ತಲ ಬಾಗಿಲು ಹೊಳೆಯ ಕಡೆಗಿತ್ತು. ಮೂರು ವರ್ಷದ ಹಿಂದೆ ಭೀಮಾ ತುಂಬಿ ಬಂದಿದ್ದಾಗ ಶಂಕರಗೌಡ ಹರಗೋಲಿನಲ್ಲಿ ದಾಟಿ ಬಂದು, ಕಟ್ಟೆ ಹತ್ತಿ, ಆ ಬಾಗಿಲು ಬಡಿದ. "ಅವ್ವಾ, ಬಾಗಲಾ ತಗೀ." ಅವ್ವಾರ ಕೈಯಲ್ಲಿ ಆಗಷ್ಟೇ ಹೊತ್ತಿಸಿದ ದೀಪವಿತ್ತು. "ದೀಪಾ ಹಚ್ಚೇನೋ ಶಂಕರಾ. ಸುತ್ತ ಹಾಕಿ ಮುಂದಿನ ಬಾಗಲಕ್ಕ ಬಾ," ಎಂದರು. "ಆಯ್ತು," ಎಂದ. ಮುಂದಿನ ಬಾಗಿಲಿಗೆ ಅವನು ಬರಲಿಲ್ಲ. ನೀರು ಇಳಿದ ಮೇಲೂ ಎಲ್ಲಿಯೂ ಸಿಗಲಿಲ್ಲ.

"ಅವತ್ತಿನಿಂದ ದಿನಾ ಕರೀತಾನಂತ, ತಮ್ಮಾ," ಎಂದಳು ತಂಗೆವ್ವ. "ಅಗಳಿ ಹಾಕೂದs ತಡ, ಅವ್ವಾರು ಆ ಕಡೆ ಹೊಳ್ಳಿ ನಿಂದರ್ತಾರ. ನಮಗೇನೂ ಕೇಳೂದಿಲ್ಲ. ಆದರ ಅವರ ಮಾರಿ ನೋಡಿದ್ರ, ಕೇಳಿದಂಗ ಆಗ್ತದ."

ನನ್ನ ನಾಲಿಗೆ ಸುಮ್ಮನಿರುವುದಿಲ್ಲ. "ಹಂಗಂದ್ರ ನಾರ್ವೆಕ್ಕ ಯಾಕ ಹೋಗಬೇಕು? ಅಗಳಿ ಹಾಕೂದ ಬಿಟ್ರ ಮುಗೀತು," ಎಂದೆ.

ತಂಗೆವ್ವ ಕಂಬ ತಿಕ್ಕುವುದನ್ನು ನಿಲ್ಲಿಸಿ, "ನೀ ತಗೀ ಹೋಗು ಹಂಗಾದ್ರ, ಶಾಣ್ಯಾ," ಎಂದಳು. ಅಂದು ಸಂಜೆ ಅಗಳಿ ಬೀಳುವ ಸದ್ದು ಕೇಳಿದಾಗ ನಾನು ಮುಂಬಾಗಿಲಿನ ಹೊರಗೆ, ಕುದುರೆ ಕಟ್ಟುವ ಗೂಟದ ಹತ್ತಿರ ನಿಂತಿದ್ದೆ. ಅಲ್ಲಿ ನನಗೆ ಕೆಲಸವೇನೂ ಇರಲಿಲ್ಲ.

ಪಟ್ಟಿ ಬೆಳೆಯಿತು. ಈಗಿನವರಿಗೆ ಫೋನು ಎತ್ತಿದರೆ ಮುಗಿಯಿತು. ನಾನು ಮುಂಬಯಿಯ ಒಂದು ಪ್ರವಾಸ ಕಂಪನಿಗೆ ಬರೆದು, ಅವರು ವಿಲಾಯತಿಗೆ ಬರೆದು, ಅಲ್ಲಿಂದ ಉತ್ತರ ಬರುವಷ್ಟರಲ್ಲಿ ನಾನು ಕೇಳಿದ್ದು ಏನೆಂಬುದೇ ಮರೆತಿರುತ್ತಿತ್ತು. ಆದರೂ ಬಂದ ಕಾಗದಗಳನ್ನು ಜೋಡಿಸಿ ಏಳು ದಿನ ಕಟ್ಟಿದೆ. ಬರ್ಗೆನ್ ಎಂಬ ಊರಿನಲ್ಲಿ ಹಡಗು ಹತ್ತುವುದು. ಮೊದಲ ಮೂರು ದಿನ ಫಿಯೋರ್ಡುಗಳು. ಆಮೇಲೆ ಉತ್ತರಕ್ಕೆ, ಲೋಫೋಟೆನ್ ನಡುಗಡ್ಡೆಗಳು, ಅವುಗಳಿಗಿಂತಲೂ ಮೇಲೆ ಭೂಮಿ ಮುಗಿಯುವ ಜಾಗ. ಜೂನ್ ತಿಂಗಳು. ಉಣ್ಣೆಯ ಶಾಲು ಎಷ್ಟು, ಹಡಗಿನಲ್ಲಿ ರೊಟ್ಟಿ ತಟ್ಟಿಕೊಳ್ಳಲು ಬಿಡುತ್ತಾರೋ ಇಲ್ಲವೋ, ಎಲ್ಲವನ್ನೂ ಬರೆದೆ. ಕೊನೆಯ ಖಾನೆ ಮಾತ್ರ ಏಳೂ ಸಾಲಿನಲ್ಲಿ ಬಿಳಿಯಾಗಿ ಉಳಿಯಿತು. ಸಂಜೆ ಇಲ್ಲದ ಮೇಲೆ ಮುಕ್ಕಾಮು ಎಲ್ಲಿಂದ ಬರಬೇಕು? ಆ ಖಾಲಿ ಖಾನೆಯ ಮೇಲೆ ಕಣ್ಣು ಬಿದ್ದಾಗಲೆಲ್ಲ ಪೇಶಕಾರರ ಮಾತು ಅವರದೇ ಧ್ವನಿಯಲ್ಲಿ ಕೇಳಿಸುತ್ತಿತ್ತು. ಆದರೆ ಆ ಧ್ವನಿಯನ್ನು ನಾನು ತೆಗೆಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಹಡಗಿನಲ್ಲಿ ಜಾಗ ಖಾಯಂ ಆದ ಕಾಗದ ಬಂತು. ಅವ್ವಾರ ಮುಂದೆ ಓದುತ್ತ ಕನ್ನಡ ಮಾಡುತ್ತಿದ್ದವನು ನಡುವೆ ನಿಂತೆ.

"ಯಾಕ ನಿಂತಿ?" ಎಂದರು ದಿವಾನಜಿ.

"ಎರಡು ಜಾಗಾ ಕೊಟ್ಟಾರ್ರಿ. ಒಂದು ಅವ್ವಾರ ಹೆಸರಿಲೆ." ಆ ಸಾಲನ್ನು ಮತ್ತೊಮ್ಮೆ ಓದಿದೆ. "ಇನ್ನೊಂದು ಶಂಕರಗೌಡರ ಹೆಸರಿಲೆ."

ದಿವಾನಜಿಯ ನಶ್ಯದ ಚಿಟಿಕೆ ಮೂಗಿನ ಹತ್ತಿರವೇ ಉಳಿಯಿತು. "ನೀ ಏನ ಬರದಿದ್ದಿ ಲೇ? ನಕಲಿ ಮಾಡಾಕ ಇದ ಜಾಗಾ ಏನು?"

ನಾನು ಬರೆದ ಪತ್ರದ ಪ್ರತಿ ತೆಗೆದು ತೋರಿಸಿದೆ. ಒಂದೇ ಹೆಸರಿತ್ತು. ಜೊತೆಗೆ ಯಾರು ಎಂಬ ಸಾಲು ಖಾಲಿ ಇತ್ತು. ಶಂಕರಗೌಡ ಹಿಂದೆ ಇದೇ ಕಂಪನಿಯ ಮೂಲಕ ಹೋಗಿದ್ದ, ಅವರ ರಿಜಿಸ್ಟರಿನಲ್ಲಿ ಅದೇ ಮನೆತನದ ಹೆಸರು ಕಂಡು ಯಾವನೋ ಗುಮಾಸ್ತ ಸೇರಿಸಿರಬೇಕು ಎಂದು ಮರುದಿನ ದಿವಾನಜಿ ಲೆಕ್ಕ ಹಾಕಿ ಹೇಳಿದರು. ಇರಬಹುದು. ನನ್ನಂಥ ಗುಮಾಸ್ತರು ಲೋಕದ ತುಂಬ ಇದ್ದಾರೆ.

ಅವ್ವಾರು ಮಾತ್ರ ಕಾಗದ ಇಸಿದುಕೊಂಡು, ಓದಲು ಬಾರದ ಅಕ್ಷರಗಳ ಮೇಲೆ ಬೆರಳಾಡಿಸಿ, "ತಿದ್ದಬ್ಯಾಡ್ರಿ. ಹಂಗs ಇರಲಿ," ಎಂದರು.

ಜಾಗ ಸಿಕ್ಕಿತ್ತು, ಇನ್ನು ದಿನದಿನದ ಪಟ್ಟಿಯನ್ನು ಕಂಪನಿಗೆ ಕಳಿಸುವ ಮೊದಲು ಬಲ್ಲವರ ಕಣ್ಣಿಗೆ ಹಾಕೋಣವೆಂದು ಜೇವರ್ಗಿಗೆ ಹೋದೆ. ಅಲ್ಲಿ ಖಾದರ ಮಾಸ್ತರು ಎಂಬ ಭೂಗೋಳದ ಮೇಷ್ಟ್ರು ಇದ್ದರು. ಮುಂಬಯಿ ಬಂದರಿನಲ್ಲಿ ಕೆಲಸಕ್ಕಿದ್ದ ಅವರ ತಮ್ಮ ತಂದುಕೊಟ್ಟ ಹಡಗಿನವರ ಪಂಚಾಂಗ ಅವರ ಹತ್ತಿರವಿತ್ತು. ಯಾವ ಊರಿನಲ್ಲಿ ಯಾವ ದಿನ ಸೂರ್ಯ ಎಷ್ಟು ಹೊತ್ತಿಗೆ ಮುಳುಗುತ್ತಾನೆ ಎಂಬುದೆಲ್ಲ ಅದರಲ್ಲಿ ಇರುತ್ತದೆ. ಅವರು ಬೆರಳಿನಿಂದ ಸಾಲು ಹಿಡಿದು ಬಹಳ ಹೊತ್ತು ನೋಡಿದರು.

"ಅರೆ ಬಾಬಾ, ನಡುಗಡ್ಡಿ ಠೀಕ್ ಅವ. ಅಲ್ಲಿ ಹೊತ್ತ ಮುಣಗೂದಿಲ್ಲ," ಎಂದರು. "ಆದರ ನಿನ್ನ ಮೊದಲಿನ ಮೂರು ದಿನ ಗಲತ್ ಅದ. ಈ ಫಿಯೋರ್ಡ್ ದಕ್ಷಿಣಕ್ಕ ಅದಾವು. ಅಲ್ಲಿ ಸೂರ್ಯಾ ಮುಣಗತಾನ."

"ರಾತ್ರಿ ಆಗ್ತದೇನ್ರಿ ಹಂಗಾದ್ರ?"

"ಅದs ನೋಡು ಮಜಾ. ರಾತ್ರಿ ಆಗೂದಿಲ್ಲ. ಸೂರ್ಯಾ ಸ್ವಲ್ಪs ಕೆಳಗ ಹೋಗಿ ಅಲ್ಲೇ ಅಡಗಿ ಕುಂದರ್ತಾನ. ಕತ್ತಲಿ ಇಲ್ಲ, ಬೆಳಕೂ ಇಲ್ಲ. ಸಂಜಿ ಆತಂದ್ರ ಬೆಳಗಾಗೂ ತನಕಾ ಸಂಜೀನೇ."

ಮಾಸ್ತರಿಗೆ ಅದು ಬರೀ ಭೂಗೋಳ. ಚಹಾ ಕುಡಿ ಎಂದರು. ನನಗೆ ಆ ಕಾರ್ಡು ಕಣ್ಣಿಗೆ ಕಟ್ಟಿತು. ಬೆಟ್ಟಗಳ ಸಂದಿಯಲ್ಲಿ ಅಲುಗಾಡದೆ ನಿಂತ ನೀರು, ಮುಗಿಯದ ದೀಪದ ಹೊತ್ತು, ಹಡಗಿನ ಕಟಕಟೆ ಹಿಡಿದು ನಿಂತ ಒಬ್ಬ ತಾಯಿ. ಅಲ್ಲಿ ಅವನು ಕರೆಯಲು ಶುರು ಮಾಡಿದರೆ ನಿಲ್ಲಿಸುವುದು ಯಾವಾಗ?

ಇದನ್ನು ಮುಚ್ಚಿಡಬಹುದಿತ್ತು. ಹಡಗು ಹತ್ತಿದ ಮೇಲೆ ಗುಮಾಸ್ತನನ್ನು ಯಾರು ಹುಡುಕುತ್ತಾರೆ? ಜೇವರ್ಗಿಯಿಂದ ಬರುವ ಗಾಡಿಯಲ್ಲಿ ಇಡೀ ದಾರಿ ಹೀಗೆಯೇ ಯೋಚಿಸಿದೆ ಎಂದು ಒಪ್ಪಿಕೊಳ್ಳುತ್ತೇನೆ. ವಾಡೆ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಅವ್ವಾರು ನನ್ನ ಮುಖ ನೋಡಿ, "ಏನಾತು?" ಎಂದರು. ಹೇಳಿಬಿಟ್ಟೆ.

ಅವ್ವಾರು ಫಿಯೋರ್ಡಿನ ಕಾರ್ಡು ತೆಗೆದುಕೊಂಡು ಸೆರಗಿನಿಂದ ಒರೆಸಿದರು. ಆಮೇಲೆ, "ಅವ ನನಗ ತೋರಸ್ತೇನಿ ಅಂದದ್ದು ಮೊದಲ ಅದೇ ಜಾಗಾ," ಎಂದರು. "ಅಲ್ಲಿ ಇಡೀ ರಾತ್ರಿ ಕರೀತಾನ."

"ಫಿಯೋರ್ಡ್ ತಗದು ಬರೇ ನಡುಗಡ್ಡಿ ಹಾಕ್ತೇನ್ರಿ, ಅವ್ವಾರ. ಏಳೂ ದಿನ ಅಲ್ಲೇ ಇರ್ರಿ."

"ಎಂಟನೇ ದಿನ?" ಎಂದರು ಅವ್ವಾರು.

ತಂಗೆವ್ವ ಬಂದು ಹಿತ್ತಲ ಬಾಗಿಲಿನ ಅಗಳಿ ಹಾಕಿದಳು. ಮುಂಬಾಗಿಲು ತೆರೆದಳು. ದೀಪ ಹಚ್ಚಿ ಅವ್ವಾರ ಕೈಗೆ ಕೊಟ್ಟಳು. ಅವರು ಹಿತ್ತಲ ಕಡೆಗೆ ತಿರುಗಿದರು. ಮುಖದ ಒಂದೊಂದೇ ಗೆರೆ ಬಿಗಿಯಾಯಿತು. ತಂಗೆವ್ವ ಹೇಳಿದ್ದು ನಿಜ, ಆ ಮುಖ ನೋಡಿದರೆ ನಮ್ಮ ಕಿವಿಯೂ ಆ ಕಡೆಗೆ ನಿಮಿರುತ್ತದೆ.

"ಬಂದಾನ," ಎಂದರು. "ತಗೀಲ್ಯೋ ಬ್ಯಾಡೋ? ತಗದ ಮ್ಯಾಲ ಯಾರೂ ಇರಲಿಲ್ಲಾಂದ್ರ ನಾ ಏನ ಮಾಡ್ಲಿ? ಗುರುನಾಥ, ನೀ ಎಲ್ಲಾರ ಧ್ವನಿ ಹಿಡೀತಿ. ಇದೊಂದು ಹಿಡದು ಹೇಳು. ಖರೆ ಅದನೋ ಇಲ್ಲೋ?"

ನನಗೆ ಹೆದರಿಕೆಯಾಗಿತ್ತು. ಹೆದರಿದಾಗ ನಾನು ಮಾಡುವುದು ಒಂದೇ. ದಿವಾನಜಿಯ ಹಾಗೆ ಮೂಗು ಎಳೆದು, "ಅವ್ವಾರ, ಅಲ್ಲಿ ಯಾರೂ ಇಲ್ರಿ," ಎಂದು ಹೇಳಿ ಈ ಹೊತ್ತನ್ನು ನಗೆಯಲ್ಲಿ ದಾಟಿಸೋಣ ಎಂದು ಬಾಯಿ ತೆರೆದೆ.

ಬಂದದ್ದು ದಿವಾನಜಿಯ ಧ್ವನಿಯಲ್ಲ. ನನ್ನದೂ ಅಲ್ಲ. ತೆಳುವಾದ, ಏದುಸಿರು ಬಿಡುವ, ನಾನು ಹುಟ್ಟಿದಂದಿನಿಂದ ಕೇಳದ ಒಂದು ಧ್ವನಿ.

"ಅವ್ವಾ, ಮುಂದಿನ ಬಾಗಲಕ್ಕ ಹಾದಿ ಇಲ್ಲ. ನೀರ ಬಂದದ."

ತಂಗೆವ್ವನ ಕೈಯಿಂದ ಎಣ್ಣೆಯ ಗಿಂಡಿ ಬಿತ್ತು. ಆಕೆ ಅವನನ್ನು ಎತ್ತಿ ಆಡಿಸಿದವಳು. ಅವಳು ನಿಂತಲ್ಲೇ ಕುಸಿದದ್ದನ್ನು ನೋಡಿ ಅದು ಯಾರ ಧ್ವನಿ ಎಂದು ನನಗೆ ತಿಳಿಯಿತು.

ಶಂಕರಗೌಡ ಹೋದ ಸಂಜೆ ಹೊಳೆಯ ನೀರು ಸುತ್ತಿನ ಓಣಿಗೂ ನುಗ್ಗಿತ್ತೆಂದು ಅಂಬಿಗರು ಯಾವಾಗಲೋ ಹೇಳಿದ್ದನ್ನು ನಾನು ಕೇಳಿರಬಹುದು. ಕೇಳಿ ಮರೆತಿರಬಹುದು. ಹೀಗೆಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಧ್ವನಿಯ ಬಗ್ಗೆ ಏನು ಹೇಳಿಕೊಳ್ಳಬೇಕೋ ಇನ್ನೂ ಸಿಕ್ಕಿಲ್ಲ.

ಅವ್ವಾರು ನನ್ನ ಕಡೆ ನೋಡಲೂ ಇಲ್ಲ. ಎಡಗೈಯಲ್ಲಿ ದೀಪ ಹಿಡಿದು ನೆಟ್ಟಗೆ ಹಿತ್ತಲ ಬಾಗಿಲಿಗೆ ನಡೆದರು. ಅಗಳಿ ತೆಗೆದರು. ದೀಪದ ಹೊತ್ತಿನಲ್ಲಿ, ಉರಿಯುವ ದೀಪ ಕೈಯಲ್ಲಿರುವಾಗ, ಆ ಬಾಗಿಲು ಎರಡೂ ಕದ ತೆರೆದುಕೊಂಡಿತು. ಹೊರಗೆ ಕಟ್ಟೆ, ಕಟ್ಟೆಯ ಕೆಳಗೆ ಹೊಳೆ. ಯಾರೂ ಇರಲಿಲ್ಲ.

ಒಂದು ಮಾತು ಮಾತ್ರ ಬರೆಯಬೇಕು. ಮುಂಬಾಗಿಲಿನಿಂದ ಗಾಳಿ ಬೀಸುತ್ತಿತ್ತು. ನನ್ನ ಬೆನ್ನಿಗೆ ತಣ್ಣಗೆ ತಾಕುತ್ತಿತ್ತು. ಆ ಗಾಳಿಗೆ ದೀಪದ ಕುಡಿ ಹೊಳೆಯ ಕಡೆಗೆ ಬಾಗಬೇಕು. ಅದು ಒಳಗೆ, ನಮ್ಮ ಕಡೆಗೆ ಬಾಗಿತು. ಯಾರೋ ಪಕ್ಕದಲ್ಲಿ ಹಾದುಹೋದಾಗ ಬಾಗುವಷ್ಟು. ಆಮೇಲೆ ನೆಟ್ಟಗಾಯಿತು.

ಅವ್ವಾರು ಹೊಸ್ತಿಲಿನಿಂದ ಒಂದು ಹೆಜ್ಜೆ ಸರಿದು ದಾರಿ ಬಿಟ್ಟರು. "ಕಾಲ ತೊಳಕೊಂಡು ಒಳಗ ಬಾ," ಎಂದರು. ದಿನವೂ ಹೇಳುವ ಮಾತಿನ ಹಾಗೆ, ಸ್ವಲ್ಪ ಸಿಟ್ಟಿನಲ್ಲಿ.

ಮರುದಿನ ಸಂಜೆ ದೀಪ ಹಚ್ಚಿದಾಗ ಅವರು ಹಿತ್ತಲ ಕಡೆ ತಿರುಗಲಿಲ್ಲ. ಅದರ ಮರುದಿನವೂ ಇಲ್ಲ. ಬಾಗಿಲು ತೆರೆದೇ ಇರುತ್ತಿತ್ತು. ಲಕ್ಷ್ಮಿ ಹೊರಟುಹೋಗುತ್ತಾಳೆಂದು ದಿವಾನಜಿ ಗೊಣಗಿದರು. "ಹೋಗ್ಲಿ ಬಿಡ್ರಿ. ಅಕಿಗೆ ಹಾದಿ ಗೊತ್ತದ," ಎಂದರು ಅವ್ವಾರು. ಮೂರನೆಯ ದಿನ ನನ್ನನ್ನು ಕರೆಸಿ ಪಟ್ಟಿ ತರಿಸಿದರು. ಖಾಲಿ ಬಿದ್ದಿದ್ದ ಕೊನೆಯ ಖಾನೆ ಏನೆಂದು ಕೇಳಿದರು. ಮುಕ್ಕಾಮಿನದು ಎಂದೆ.

"ಮನಿ ಅಂತ ಬರಿ," ಎಂದರು. "ಏಳೂ ಸಾಲಿಗೆ ಬರಿ."

ಬರೆದೆ. ಆಮೇಲೆ ಮುಂಬಯಿಗೆ ಒಂದು ಪತ್ರ ಬರೆಯಲು ಹೇಳಿದರು. ಜಾಗ ಬೇಡವೆಂದು ತಿಳಿಸಬೇಕಿತ್ತು. ಹುಷಾರಿಲ್ಲ ಎಂದು ಬರೆಯೋಣವೇ, ಜೊತೆಗೆ ಬರುವವರು ಸಿಗಲಿಲ್ಲ ಎಂದು ಬರೆಯೋಣವೇ ಎಂದು ಕೇಳಿದೆ. ಕಾರಣ ಬರೆಯದೆ ಬಿಟ್ಟರೆ ಕಂಪನಿಯವರು ಮತ್ತೆ ಮತ್ತೆ ಕಾಗದ ಹಾಕುತ್ತಾರೆ, ಇದು ನಮ್ಮ ಕಸುಬಿನಲ್ಲಿ ಇಂದಿಗೂ ಬದಲಾಗದ ಮಾತು.

ಈ ಕಸುಬಿಗೆ ಬಂದ ಹುಡುಗರೇ, ದಾರಿ, ಊಟ, ಗಾಡಿ ಎಲ್ಲವನ್ನೂ ನೀವು ನನಗಿಂತ ಚೆನ್ನಾಗಿ ಹಾಕುತ್ತೀರಿ. ಆದರೆ ಬಂದವರು ನೋಡಲು ಹೋಗುತ್ತಿದ್ದಾರೋ, ಏನನ್ನಾದರೂ ಬಿಟ್ಟು ಓಡುತ್ತಿದ್ದಾರೋ, ಅದನ್ನೂ ಮೆಲ್ಲಗೆ ಕೇಳಿ. ಹೊತ್ತು ಮುಳುಗುವಾಗ ಅವರು ಎಲ್ಲಿರುತ್ತಾರೆ ಎಂಬ ಖಾನೆಯನ್ನು ಮೊದಲು ತುಂಬಿ. ಅಣಕು ಎಷ್ಟು ಬೇಕಾದರೂ ಮಾಡಿ, ನನ್ನದನ್ನೂ ಮಾಡಿ, ಮಾಡುತ್ತೀರೆಂದು ಗೊತ್ತಿದೆ. ಹೋದವರದು ಮಾತ್ರ ಬೇಡ. ಆ ಧ್ವನಿಯನ್ನು ಆಮೇಲೆ ಹೊಲದಲ್ಲಿ ಒಬ್ಬನೇ ನಿಂತು ಎಷ್ಟೋ ಸಲ ತೆಗೆಯಲು ನೋಡಿದೆ. ಒಮ್ಮೆಯೂ ಬರಲಿಲ್ಲ.

ಮುಂದಿನ ವರ್ಷ ಯುದ್ಧ ಶುರುವಾಗಿ ಆ ಕಡೆಯ ಹಡಗುಗಳು ನಿಂತವು. ನನ್ನ ಪೆಟ್ಟಿಗೆಯಲ್ಲಿ ಆ ಪಟ್ಟಿಯೂ, ಕಂಪನಿಗೆ ಹಾಕಿದ ಕೊನೆಯ ಪತ್ರದ ಪ್ರತಿಯೂ ಇನ್ನೂ ಇವೆ. ಅವ್ವಾರು ಹೇಳಿದ್ದನ್ನು ಒಂದಕ್ಷರವೂ ಬದಲಿಸದೆ ಇಂಗ್ಲಿಷಿಗೆ ಇಳಿಸಿದ್ದೆ. ಎರಡು ಮಾತಿನ ಪತ್ರ. ಬರೆಯುವಾಗ ಮೊದಲ ಶಬ್ದದಲ್ಲಿಯೇ ಕೈ ತಡೆಯಿತು. ದಿವಾನಜಿಯ ಮುಖ ನೋಡಿದೆ, ಅವರು ನಶ್ಯದ ಡಬ್ಬಿ ಮುಚ್ಚಿ ಬೇರೆ ಕಡೆ ನೋಡಿದರು. ಅವ್ವಾರು ಇನ್ನೊಮ್ಮೆ, ನಿಧಾನವಾಗಿ ಹೇಳಿದರು:

"ಇಬ್ಬರೂ ಮನಿ ಮುಟ್ಟೇವಿ. ಜಾಗಾ ಬ್ಯಾರೆಯವರಿಗೆ ಕೊಡ್ರಿ."